ಶುಕ್ರವಾರದ ಊಟದ ದೀಪ

ಮನೆಯಲ್ಲಿ ಗಂಡಹೆಂಡಿರು ಎದುರುಬದುರು ಕೂತು ಉಣ್ಣುವ ರಾತ್ರಿಗೆ ಎಂಥ ದೀಪ ಬೇಕು ಎಂಬ ಪ್ರಶ್ನೆಯನ್ನು ಯೆಹೂದಿ ಧರ್ಮಶಾಸ್ತ್ರ ಬಹಳ ಗಂಭೀರವಾಗಿ ಎತ್ತಿಕೊಂಡಿದೆ. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ನಿಯಮಗ್ರಂಥ ಮಿಷ್ನಾದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಶುಕ್ರವಾರ ಹೊತ್ತು ಮುಳುಗಿದಲ್ಲಿಂದ ಶನಿವಾರ ರಾತ್ರಿ ನಕ್ಷತ್ರ ಮೂಡುವವರೆಗೆ ಸಬ್ಬತ್. ಆ ಅವಧಿಯಲ್ಲಿ ಬೆಂಕಿ ಹೊತ್ತಿಸುವಂತಿಲ್ಲ, ಆರಿಸುವಂತಿಲ್ಲ, ಬತ್ತಿ ಚಾಚುವಂತೆಯೂ ಇಲ್ಲ. ರಾತ್ರಿಯ ಊಟಕ್ಕೆ ಬೇಕಾದ ಬೆಳಕನ್ನು ಹಗಲಿರುವಾಗಲೇ ಹಚ್ಚಿಟ್ಟು, ಆಮೇಲೆ ಅದನ್ನು ಅದರ ಪಾಡಿಗೆ ಬಿಡಬೇಕು.

ಆದ್ದರಿಂದ ಆಯ್ಕೆಯಲ್ಲಿ ಎಡವುವಂತಿಲ್ಲ. ಹಿಂಜಿ ಹಸನು ಮಾಡದ ಅಗಸೆ ನಾರು, ಒರಟು ರೇಷ್ಮೆ, ಮರದ ನಾರು ಬತ್ತಿಗೆ ಆಗದು. ಮೇಣ, ನೆಣ, ಕುರಿಯ ಬಾಲದ ಕೊಬ್ಬು ಎಣ್ಣೆಯ ಬದಲಿಗೆ ಆಗದು. ಒರಟು ಬತ್ತಿಯಲ್ಲಿ ಕುಡಿ ನಿಲ್ಲದೆ ಹಾರಾಡುತ್ತದೆ, ಜಡವಾದ ಕೊಬ್ಬು ಬತ್ತಿಗೆ ಸರಾಗವಾಗಿ ಏರುವುದಿಲ್ಲ. ಬೆಳಕು ಮಂಕಾದರೆ ಕೈ ತಾನಾಗಿಯೇ ಹಣತೆಯನ್ನು ಓರೆ ಮಾಡಲು ಹೋಗುತ್ತದೆ. ಅಲ್ಲಿಗೆ ಸಬ್ಬತ್ ಕೆಟ್ಟಿತು. ರಬ್ಬಿ ತರ್ಫೋನ್ ಆಲಿವ್ ಎಣ್ಣೆಯೊಂದೇ ಸರಿ ಎಂದಾಗ ಬಂದ ಆಕ್ಷೇಪ ಮಾನವೀಯವಾದದ್ದು: ಎಳ್ಳೆಣ್ಣೆಯನ್ನಷ್ಟೇ ಕಂಡ ಬಾಬಿಲೋನಿನವರು, ಮೂಲಂಗಿ ಬೀಜದ ಎಣ್ಣೆಯನ್ನಷ್ಟೇ ಕಂಡ ಅಲೆಕ್ಸಾಂಡ್ರಿಯದವರು ಏನು ಮಾಡಬೇಕು? ಅವರವರ ನಾಡಿನ ಎಣ್ಣೆಗೆ ಒಪ್ಪಿಗೆ ಸಿಕ್ಕಿತು.

ವಾಸನೆಯ ವಿಚಾರ ಇನ್ನೂ ಸೂಕ್ಷ್ಮ. ನಾರುವ ಕೀಲೆಣ್ಣೆಯನ್ನು ರಬ್ಬಿ ಇಷ್ಮಾಯೇಲ್ ಬೇಡವೆಂದರು. ನಾತ ತಾಳದೆ ಮನೆಯಾತ ಎದ್ದು ಹೊರಗೆ ಹೋದಾನು ಎಂದು ಮಿಷ್ನಾವನ್ನು ಚರ್ಚಿಸುವ ಗ್ರಂಥ ತಾಲ್ಮುದ್ ಅದಕ್ಕೆ ಕಾರಣ ಕೊಡುತ್ತದೆ. ಹೋದರೆ ಹೋಗಲಿ ಎಂಬ ಮಾತಿಗೆ ಅಲ್ಲಿ ಮನ್ನಣೆಯಿಲ್ಲ. ದೀಪದ ಮುಂದೆ ಕೂರುವುದೂ ಕರ್ತವ್ಯದಲ್ಲೇ ಸೇರಿದೆ. ಇತ್ತ ಪರಿಮಳದ ಬಾಲ್ಸಮ್ ತೈಲವೂ ನಿಷಿದ್ಧ. ಘಮಕ್ಕೆ ಮರುಳಾಗಿ ಉರಿಯುವ ದೀಪದಿಂದಲೇ ತೈಲ ತೆಗೆದುಕೊಂಡಾರು ಎನ್ನುವುದು ಒಂದು ವಾದ, ಅದು ಭಗ್ಗನೆ ಹೊತ್ತಿಕೊಳ್ಳುತ್ತದೆ ಎನ್ನುವುದು ಇನ್ನೊಂದು. ಸೊಸೆಯನ್ನು ದ್ವೇಷಿಸುತ್ತಿದ್ದ ಅತ್ತೆಯೊಬ್ಬಳು ಆಕೆಗೆ ಈ ತೈಲ ಪೂಸಿಕೊಳ್ಳಲು ಹೇಳಿ, ಆಮೇಲೆ ದೀಪ ಹಚ್ಚಲು ಕಳಿಸಿ ಸುಟ್ಟುಕೊಂದ ಕಥೆ ಅದೇ ಪುಟದಲ್ಲಿ ಬರುತ್ತದೆ. ಮನೆಯ ನೆಮ್ಮದಿಗೆ ಹಚ್ಚುವ ದೀಪದ ಚರ್ಚೆಯ ನಡುವೆ ಈ ಕಥೆ ಇರುವುದು ಎದೆ ನಡುಗಿಸುತ್ತದೆ.

ಬೆಂಕಿಯೇ ಬೇಡವೆನ್ನುವ ದಿನಕ್ಕೆ ದೀಪವಾದರೂ ಏಕೆ? ತಾಲ್ಮುದ್‌ನ ಪರಂಪರೆಯನ್ನು ಒಪ್ಪದ ಕರಾಯಿಟರು ಇದನ್ನು ನೇರವಾಗಿ ಕೇಳಿದರು. ವಿಮೋಚನಕಾಂಡ 35:3ರ ನಿಷೇಧಕ್ಕೆ ಮನೆಯಲ್ಲಿ ಬೆಂಕಿ ಉರಿಯಲೇಬಾರದು ಎಂದು ಅರ್ಥ ಮಾಡಿ ಶತಮಾನಗಳ ಕಾಲ ಶುಕ್ರವಾರದ ರಾತ್ರಿಗಳನ್ನು ಕತ್ತಲಲ್ಲಿ ಕಳೆದರು. ಅವರಲ್ಲಿ ದೀಪಕ್ಕೆ ಒಪ್ಪಿಗೆ ಕೊಡುವ ಸುಧಾರಣೆ 15ನೆಯ ಶತಮಾನದಲ್ಲಿ ಎಲಿಯಾ ಬಶ್ಯಾಚಿಯ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಅವರ ನಿಷ್ಠೆ ದೊಡ್ಡದು, ಅನುಮಾನವಿಲ್ಲ. ಆದರೆ ರಬ್ಬಿಗಳು ಕೊಟ್ಟ ಉತ್ತರದಲ್ಲಿ ಮನುಷ್ಯರ ಮುಖವಿದೆ. ದೀಪ ‘ಶಲೋಮ್ ಬಾಯಿತ್’ಗಾಗಿ, ಅಂದರೆ ಮನೆಯೊಳಗಿನ ಸಮಾಧಾನಕ್ಕಾಗಿ. ಬೆಳಕಿಲ್ಲದಿದ್ದರೆ ಕತ್ತಲಲ್ಲಿ ಎಡವಿ ಬೀಳಬೇಕಾಗುತ್ತದೆ, ಅಂಥಲ್ಲಿ ಸಮಾಧಾನವಿರುವುದಿಲ್ಲ ಎಂದು 11ನೆಯ ಶತಮಾನದ ಫ್ರಾನ್ಸಿನ ವ್ಯಾಖ್ಯಾನಕಾರ ರಾಶಿ ವಿವರಿಸುತ್ತಾರೆ.

ಇದರ ಪಕ್ಕದಲ್ಲಿ ಹನುಕ್ಕಾ ಹಬ್ಬದ ದೀಪವನ್ನಿಟ್ಟರೆ ಪ್ರಶ್ನೆ ತಿಳಿಯಾಗುತ್ತದೆ. ಹನುಕ್ಕಾ ದೀಪದ ಬೆಳಕನ್ನು ಯಾವ ಕೆಲಸಕ್ಕೂ ಬಳಸುವಂತಿಲ್ಲ, ಅದರಡಿ ಕಾಸು ಎಣಿಸುವಂತೆಯೂ ಇಲ್ಲ. ಅದನ್ನು ನೋಡಿ ಹಬ್ಬಕ್ಕೆ ಕಾರಣವಾದ ಪವಾಡವನ್ನು ನೆನೆಯಬೇಕು, ಅಷ್ಟೆ. ಕನ್ನಡದ ಓದುಗರಿಗೆ ಗರ್ಭಗುಡಿಯ ನಂದಾದೀಪ ನೆನಪಾಗಬಹುದು. ಸಬ್ಬತ್ ದೀಪ ಇದಕ್ಕೆ ತದ್ವಿರುದ್ಧ: ಅದರಡಿ ಉಣ್ಣಬೇಕು, ಮಾತಾಡಬೇಕು, ಒಬ್ಬರ ಮುಖ ಇನ್ನೊಬ್ಬರು ನೋಡಬೇಕು. ಬಳಕೆಗೆ ಬಂದಾಗಲೇ ಅದು ಪವಿತ್ರ. ಎರಡಕ್ಕೂ ಸಾಲುವಷ್ಟು ಹಣವಿಲ್ಲದ ಬಡವ ಯಾವುದನ್ನು ಹಚ್ಚಬೇಕು? ಮನೆಯ ದೀಪವನ್ನೇ ಎಂದು 4ನೆಯ ಶತಮಾನದ ಬಾಬಿಲೋನಿನ ರಾವಾ ತೀರ್ಪು ಕೊಟ್ಟರು. ದೇವರ ಪವಾಡದ ಸ್ಮರಣೆಗಿಂತ ಮನೆಮಂದಿಯ ಸಮಾಧಾನವನ್ನು ಮುಂದಿಟ್ಟ ತೀರ್ಪಿದು, ಎದೆಗಾರಿಕೆಯ ಮಾತು. ಮಧ್ಯಯುಗದ ಯೆಹೂದಿ ಪಂಡಿತ ಮೈಮೊನಿಡೀಸ್ (1138–1204) ಇದಕ್ಕೆ ಇನ್ನೂ ಆಳದ ಆಧಾರ ಹುಡುಕಿದರು: ಸಂಶಯಕ್ಕೊಳಗಾದ ಹೆಂಡತಿಯ ಕುರಿತು ಅರಣ್ಯಕಾಂಡದ 5ನೆಯ ಅಧ್ಯಾಯ ಹೇಳುವ ವಿಧಿಯಲ್ಲಿ, ಗಂಡಹೆಂಡಿರ ನಡುವೆ ಸಮಾಧಾನ ತರಲು ದೇವರ ಹೆಸರನ್ನೇ ನೀರಿನಲ್ಲಿ ಅಳಿಸಲಾಗುತ್ತದೆ. ತನ್ನ ಹೆಸರು ಅಳಿಯಲು ದೇವರು ಒಪ್ಪಿದ ಮೇಲೆ ಪವಾಡದ ದೀಪ ಒಂದು ರಾತ್ರಿ ಪಕ್ಕಕ್ಕೆ ಸರಿಯುವುದು ದೊಡ್ಡದಲ್ಲ. ಉಣ್ಣಲು ಏನೂ ಇಲ್ಲದವನು ಮನೆಮನೆ ಬೇಡಿಯಾದರೂ ದೀಪಕ್ಕೆ ಎಣ್ಣೆ ಕೊಳ್ಳಬೇಕೆಂದೂ ಅವರು ಬರೆದಿದ್ದಾರೆ.

ಪ್ರೇಮಕ್ಕೂ ಈ ರಾತ್ರಿಗೂ ನೇರ ನಂಟಿದೆ. ಶಾಸ್ತ್ರಾಧ್ಯಯನದಲ್ಲಿ ಮುಳುಗಿರುವ ಪಂಡಿತ ಹೆಂಡತಿಯನ್ನು ಕೂಡಬೇಕಾದ ರಾತ್ರಿ ಶುಕ್ರವಾರವೇ ಎಂದು ತಾಲ್ಮುದ್ ಗೊತ್ತುಮಾಡಿದೆ. ಅದು ಹೆಂಡತಿಯ ಹಕ್ಕು. ಆದರೆ ದೀಪದ ಬೆಳಕಿನಲ್ಲಿ ಕೂಡುವುದನ್ನು ಅದೇ ಗ್ರಂಥ ಒಪ್ಪುವುದಿಲ್ಲ, ದೀಪವನ್ನು ಆರಿಸಲೂ ಬಿಡುವುದಿಲ್ಲ. ಊಟದ ಕೋಣೆಯ ದೀಪ ಅಲ್ಲೇ ಉಳಿಯಬೇಕು, ಇಲ್ಲವೇ ನಡುವೆ ಮರೆ ಬೇಕು.

ಸಬ್ಬತ್‌ಗೂ ಎಣ್ಣೆಗೂ ಇರುವ ನಂಟು ಭಾರತದಲ್ಲೂ ಕಾಣುತ್ತದೆ: ಕೊಂಕಣ ಕರಾವಳಿಯ ಬೆನೆ ಇಸ್ರಾಯೇಲ್ ಯೆಹೂದಿಗಳದು ಹಿಂದೆ ಗಾಣದ ಕಸುಬಾಗಿತ್ತು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ನೆರೆಯ ಮರಾಠಿಗರು ಅವರನ್ನು ‘ಶನಿವಾರ ತೇಲಿ’ ಎಂದರು. ತೇಲಿ ಎಂದರೆ ಗಾಣಿಗ.

ಮಿಷ್ನಾ ಬೇಡವೆಂದ ಮೇಣ ಇಂದು ಎಲ್ಲೆಡೆ ಸಬ್ಬತ್ ಮೇಜಿನ ಮೇಲಿದೆ. ಬತ್ತಿಯನ್ನು ಒಳಗಿಟ್ಟು ಎರಕ ಹೊಯ್ದ ಮೇಣದಬತ್ತಿ ಒಂದೇ ಸಮನೆ ಉರಿಯುವುದರಿಂದ ಮಧ್ಯಯುಗದ ಪಂಡಿತರು ಅದನ್ನು ಒಪ್ಪಿದರು. ಈಗಿನ ತೊಡಕು ಬೇರೆ: ಬಲ್ಬಿನ ಬೆಳಕು ತುಂಬಿದ ಕೋಣೆಯಲ್ಲಿ ಮೇಣದಬತ್ತಿ ಯಾರಿಗೆ ಏನು ತೋರಿಸುತ್ತದೆ? ಹಾಗಾಗಿ ಮೊದಲು ಬಲ್ಬು ಆರಿಸಿ, ಬತ್ತಿ ಹಚ್ಚುವಾಗ ಅದರ ಬೆಳಕು ನಿಜಕ್ಕೂ ಮೇಜಿನ ಮೇಲೆ ಬೀಳುವಂತೆ ನೋಡಿಕೊಳ್ಳಿ ಎಂದು ಕೆಲವು ರಬ್ಬಿಗಳು ಹೇಳುತ್ತಾರೆ. ಹಚ್ಚುವುದು ವಾಡಿಕೆಯಂತೆ ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು, ಜೆರುಸಲೇಮಿನಲ್ಲಿ 40 ನಿಮಿಷ ಮೊದಲು. ಮೇಣದಬತ್ತಿ ಊಟ ಮುಗಿಯುವವರೆಗೆ ಉರಿಯಬೇಕಾದ್ದರಿಂದ ಪ್ರಾರ್ಥನೆ ಮುಗಿಸಿ ತಡವಾಗಿ ಊಟಕ್ಕೆ ಕೂರುವ ಮನೆಯವರು ಉದ್ದನೆಯ ಬತ್ತಿಯನ್ನೇ ಆಯ್ದುಕೊಳ್ಳುತ್ತಾರೆ.