ಇಳಿದವರ ಋಣ

ಬೆಟ್ಟವನ್ನು ಹತ್ತುವವನು ಮೊದಲು ದಣಿಯುತ್ತಾನೆ, ಆಮೇಲೆ ಸುಖಿಸುತ್ತಾನೆ. ಕಮರಿಗೆ ಇಳಿಯುವವನು ಮೊದಲು ಸುಖಿಸುತ್ತಾನೆ, ಆಮೇಲೆ ದಣಿಯುತ್ತಾನೆ. ಇವೆರಡರ ಭೇದವು ಕೇವಲ ಕಾಲುಗಳಿಗೆ ಸಂಬಂಧಪಟ್ಟುದೆಂದು ನಾನು ಬಹುಕಾಲ ಎಣಿಸಿದ್ದೆನು. ಅದು ಧರ್ಮಕ್ಕೂ ಸಂಬಂಧಪಟ್ಟುದೆಂಬುದು ಕಳೆದ ಆಶ್ವಯುಜ ಮಾಸದಲ್ಲಿ, ಆನೇಕಲ್ಲಿನ ಬಳಿಯ ಮುತ್ಯಾಲಮಡುವಿನ ಮೆಟ್ಟಿಲ ಮೇಲೆ ಕುಳಿತು ಏದುಸಿರು ಬಿಡುತ್ತಿದ್ದಾಗ ನನಗೆ ತಿಳಿದುಬಂದಿತು.

ಮುತ್ಯಾಲಮಡುವು ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರು ದೂರದಲ್ಲಿರುವ ಒಂದು ಕಣಿವೆ. ತೆಲುಗಿನಲ್ಲಿ ಮುತ್ಯಾಲು ಎಂದರೆ ಮುತ್ತುಗಳು. ಬಂಡೆಯ ಮೇಲಿನಿಂದ ಬೀಳುವ ನೀರು ಗಾಳಿಗೆ ಸಿಕ್ಕಿ ಹನಿಹನಿಯಾಗಿ ಚೆದರುವುದರಿಂದ ಹೆಸರು ಸಾರ್ಥಕವಾಗಿದೆ. ಅದು ಜೋಗದಂತಹ ಮಹಾಜಲಪಾತವಲ್ಲ. ಮಳೆಯನ್ನೇ ನಂಬಿದ ಸಣ್ಣ ಝರಿ. ಬೇಸಗೆಯಲ್ಲಿ ನೂಲೆಳೆಯಷ್ಟು ನೀರಿದ್ದರೆ ಅದೇ ಹೆಚ್ಚು. ರಸ್ತೆಯು ಮೇಲಿನ ಅಂಚಿನವರೆಗೆ ಬರುವುದು. ಅಲ್ಲಿಂದ ಕೆಳಕ್ಕೆ ಮೆಟ್ಟಿಲುಗಳನ್ನಿಳಿದು ಹೋಗಬೇಕು. ಕಣಿವೆಯಲ್ಲಿ ಒಂದು ಚಿಕ್ಕ ಶಿವಾಲಯವೂ ಉಂಟು.

ದೊಡ್ಡಬಳ್ಳಾಪುರದಿಂದ ಮಗ, ಸೊಸೆ, ಹನ್ನೆರಡು ವರ್ಷದ ಮೊಮ್ಮಗ, ಇವರೊಡನೆ ನಾನು ಅಲ್ಲಿಗೆ ಹೋಗಿದ್ದೆನು. "ಅಪ್ಪ, ನೀವು ಮೇಲೆಯೇ ಕುಳಿತಿರಿ" ಎಂದು ಮಗನು ಹೇಳಿದನು. ನಾನು ಕೇಳಲಿಲ್ಲ. ಉಪಾಧ್ಯಾಯನಾಗಿದ್ದ ಕಾಲದಲ್ಲಿ ವರ್ಷಕ್ಕೊಮ್ಮೆ ಹುಡುಗರನ್ನು ಕರೆದುಕೊಂಡು ನೆಲಮಂಗಲ ತಾಲ್ಲೂಕಿನ ಶಿವಗಂಗೆಯನ್ನು ಹತ್ತಿದವನು ನಾನು. ಒಳಕಲ್ಲು ತೀರ್ಥವನ್ನು ದಾಟಿ, ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನೇರಿ ಶಿಖರದವರೆಗೆ ಹೋದವನಿಗೆ ಈ ಇಳಿಜಾರು ಯಾವ ಲೆಕ್ಕವೆಂಬ ಅಹಂಕಾರವಿದ್ದಿತು. ಆದರೆ ಬೆಟ್ಟವು ಪ್ರಾಮಾಣಿಕವಾದುದು. ಶಕ್ತಿ ಸಾಲದಿದ್ದರೆ ಅದು ಅರ್ಧದಲ್ಲಿಯೇ ಹೇಳಿಬಿಡುವುದು. ಹಿಂದಿರುಗಿದರೆ ದಾರಿ ಇಳಿಜಾರು. ಕಮರಿಯು ಹಾಗೆ ಹೇಳುವುದಿಲ್ಲ. ಅದು ಪ್ರತಿಯೊಂದು ಮೆಟ್ಟಿಲಿನಲ್ಲಿಯೂ "ಇನ್ನೊಂದು ಇಳಿ" ಎನ್ನುವುದು; ಲೆಕ್ಕವನ್ನು ಕೊನೆಯಲ್ಲಿ ಒಟ್ಟಿಗೆ ಒಪ್ಪಿಸುವುದು.

ಕೆಳಗೆ ಕಳೆದ ಅರ್ಧ ಗಂಟೆಯ ಆನಂದವನ್ನು ನಾನು ಅಲ್ಲಗಳೆಯಲಾರೆನು. ತುಂತುರು ಮುಖಕ್ಕೆ ತಾಗಿದಾಗ ವಯಸ್ಸು ಮರೆತಿತು. ಹತ್ತಲು ತೊಡಗಿದಾಗ ಅದು ನೆನಪಿಗೆ ಬಂದಿತು. ಮೂವತ್ತು ನಲವತ್ತು ಮೆಟ್ಟಿಲುಗಳಾಗುವಷ್ಟರಲ್ಲಿ ಮೊಣಕಾಲುಗಳು ನಡುಗಿದವು, ಕಣ್ಣಿಗೆ ಕತ್ತಲೆ ಬಂದಂತಾಯಿತು. ಮಗನೊಬ್ಬನಿಂದ ನನ್ನನ್ನು ಹತ್ತಿಸುವುದಾಗಲಿಲ್ಲ. ದಾರಿಯ ಪಕ್ಕದಲ್ಲಿ ಸೌತೆಕಾಯಿ ಮಾರುತ್ತಿದ್ದ ಒಬ್ಬ ತರುಣನು ತನ್ನ ಬುಟ್ಟಿಯನ್ನು ಅಲ್ಲಿಯೇ ಬಿಟ್ಟು ಬಂದು ನನಗೆ ಹೆಗಲು ಕೊಟ್ಟನು. ಹತ್ತು ಮೆಟ್ಟಿಲಿಗೊಮ್ಮೆ ಕೂರಿಸಿ, ಎಬ್ಬಿಸಿ, ಅಂತೂ ಅವರಿಬ್ಬರೂ ನನ್ನನ್ನು ಮೇಲಕ್ಕೆ ತಂದರು. ಆ ವೇಳೆಗೆ ಕೋತಿಗಳು ಅವನ ಬುಟ್ಟಿಯನ್ನು ಬರಿದು ಮಾಡಿದ್ದವು. ಅವನು ನಕ್ಕು ಹೇಳಿದ ಮಾತು ಇದು: "ಇಲ್ಲಿಗೆ ಬರೋರೆಲ್ಲ ನೀರು ಎಷ್ಟೈತೆ ಅಂತ ಕೇಳ್ತಾರೆ ಸ್ವಾಮಿ, ಮೆಟ್ಟಿಲು ಎಷ್ಟೈತೆ ಅಂತ ಯಾರೂ ಕೇಳಾಕಿಲ್ಲ."

ಸೌತೆಕಾಯಿಗಳ ಬೆಲೆಯನ್ನು ಕೊಟ್ಟೆನು; ಅವನು ತೆಗೆದುಕೊಂಡನು. ಹೆಗಲಿಗೆಂದು ಬೇರೆ ಕೊಡಹೋದಾಗ ಬೇಡವೆಂದನು. ನನ್ನ ಮನಸ್ಸು ಅಲ್ಲಿಯೇ ನಿಂತಿತು. ಕಠೋಪನಿಷತ್ತಿನ ಶ್ರೇಯಃಪ್ರೇಯೋವಿವೇಕವನ್ನು ನಾನು ಎಷ್ಟೋ ವರ್ಷ ಮಕ್ಕಳಿಗೆ ಬೋಧಿಸಿದ್ದೇನೆ. ಹಿತವಾವುದು, ಪ್ರಿಯವಾವುದು ಎಂಬುದೇ ಅಲ್ಲಿಯ ಪ್ರಶ್ನೆ. ಆದರೆ ಇನ್ನೊಂದು ಪ್ರಶ್ನೆಯುಂಟೆಂದು ನನಗೆ ಹೊಳೆದಿರಲಿಲ್ಲ. ಸುಖವು ನನ್ನದು, ಅದರ ಶ್ರಮವು ಯಾರದು? ತನ್ನ ಸುಖದ ಬೆಲೆಯನ್ನು ತಾನೇ ತೆರುವವನು ಹೆಚ್ಚೆಂದರೆ ಅವಿವೇಕಿಯಾದಾನು. ಇತರರ ಹೆಗಲಿನಿಂದ ತೆರುವವನನ್ನು ಏನೆನ್ನಬೇಕು?

ಕಾರಿನಲ್ಲಿ ಹಿಂದಿರುಗುವಾಗ ಮೊಮ್ಮಗನು, "ತಾತ, ನಮ್ಮೂರಿನಲ್ಲಿ ನದಿ ಯಾಕಿಲ್ಲ?" ಎಂದು ಕೇಳಿದನು. ಬೀಳುವ ನೀರನ್ನು ಕಂಡುಬಂದ ಮಗುವಿಗೆ ಇದು ಸಹಜವಾದ ಪ್ರಶ್ನೆ. "ಉಂಟಪ್ಪ, ಅರ್ಕಾವತಿ" ಎಂದೆನು. ಉತ್ತರ ಸರಿಯಾದುದೇ. ನಂದಿಬೆಟ್ಟದಲ್ಲಿ ಹುಟ್ಟಿ, ನಮ್ಮೂರಿನ ಕೆರೆಗಳ ಸಾಲನ್ನು ತುಂಬಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯನ್ನು ಸೇರುವ ನದಿ ಅದು. 1894ರಲ್ಲಿ ಹೆಸರಘಟ್ಟದ ಜಲಾಶಯವನ್ನು ಕಟ್ಟಿ ಬೆಂಗಳೂರಿಗೆ ನೀರು ಕೊಟ್ಟದ್ದು ಇದೇ ಅರ್ಕಾವತಿಯಿಂದ. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಅಣೆಕಟ್ಟು ಆದದ್ದು, ಶಿವಗಂಗೆಯಿಂದ ಇಳಿದುಬರುವ ಕುಮುದ್ವತಿಯು ಇದನ್ನು ಕೂಡುವ ಎಡೆಯಲ್ಲಿ. ಇಷ್ಟನ್ನೂ ಹೇಳಿದೆನು. ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ನೋಡೇ ಇಲ್ಲವಲ್ಲ" ಎಂದನು. ಮಳೆಗಾಲದ ಕೆಲವು ದಿನಗಳನ್ನು ಬಿಟ್ಟರೆ ನೋಡುವುದಕ್ಕೆ ಅಲ್ಲಿ ಏನಿದೆ? ಕೆರೆಗಳಿಗೆ ನೀರು ತರುತ್ತಿದ್ದ ಕಾಲುವೆಗಳು ಮುಚ್ಚಿಹೋದವು, ನೀಲಗಿರಿಯ ತೋಪುಗಳೆದ್ದವು, ಕೊಳವೆಬಾವಿಗಳು ನೆಲದ ನೀರನ್ನು ಹೀರಿದವು.

ಈ ಕೊಳವೆಬಾವಿಯ ವಿಷಯವಾಗಿ ವಾಚಕರು ಒಂದು ಕ್ಷಣ ನನ್ನೊಡನೆ ಆಲೋಚಿಸಬೇಕು. ನಮ್ಮ ಹಿರಿಯರ ಕಲ್ಯಾಣಿಗಳಿಗೆ ಮೆಟ್ಟಿಲುಗಳಿದ್ದವು. ನೀರಿಗಾಗಿ ಇಳಿದವಳೇ ತುಂಬಿದ ಕೊಡವನ್ನು ಸೊಂಟದಲ್ಲಿಟ್ಟುಕೊಂಡು ಹತ್ತಬೇಕಾಗಿದ್ದಿತು. ನೀರು ಒಂದು ಮೆಟ್ಟಿಲು ಕೆಳಕ್ಕೆ ಹೋದರೆ ಆ ಸುದ್ದಿಯು ಅಂದೇ ಅವಳ ಮೊಣಕಾಲಿಗೆ ಮುಟ್ಟುತ್ತಿದ್ದಿತು. ಆ ಶ್ರಮವು ಹೆಂಗಸರ ಪಾಲಿಗೇ ಬಿದ್ದದ್ದು ಅನ್ಯಾಯವೇ ಸರಿ. ಅದು ಮರಳಿ ಬರಲೆಂದು ನಾನು ಹೇಳಲಾರೆನು. ಆದರೆ ಆಳವೆಷ್ಟೆಂಬುದು ಮನೆಯಲ್ಲಿ ಯಾರಿಗಾದರೂ ತಿಳಿದಿರುತ್ತಿದ್ದಿತು. ಕೊಳವೆಬಾವಿಗೆ ಮೆಟ್ಟಿಲಿಲ್ಲ. ನೀರು ಸಾವಿರ ಅಡಿಗೆ ಇಳಿದರೂ ಗುಂಡಿಯನ್ನು ಒತ್ತುವ ಬೆರಳಿಗೆ ದಣಿವಿಲ್ಲ. ಕೇಂದ್ರ ಅಂತರ್ಜಲ ಮಂಡಳಿಯವರು ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನೂ ಅತಿಬಳಕೆಯ ವರ್ಗಕ್ಕೆ ಸೇರಿಸಿದ್ದಾರೆ. ಎಂದರೆ ವರ್ಷದಲ್ಲಿ ನೆಲಕ್ಕೆ ಇಂಗುವುದಕ್ಕಿಂತ ನಾವು ಎತ್ತುವುದು ಹೆಚ್ಚು. ನಾವು ಕಮರಿಗೆ ಇಳಿಯುತ್ತಲೇ ಇದ್ದೇವೆ. ಹತ್ತಬೇಕಾದವರು ಹಿಂದಿನ ಆಸನದಲ್ಲಿ ಕುಳಿತು, ನದಿ ಯಾಕಿಲ್ಲವೆಂದು ಕೇಳುತ್ತಿದ್ದಾರೆ.

ಇಲ್ಲಿ ಒಂದು ಆಕ್ಷೇಪಣೆ ಉಂಟು. ಯಾರಿಗೂ ಭಾರವಾಗದೆ ಬದುಕುವುದು ಸಾಧ್ಯವೇ? ಕೂಸು ತಾಯಿಗೆ ಭಾರ, ಮುದುಕನು ಮಗನಿಗೆ ಭಾರ. ಹೆಗಲನ್ನು ಬೇಡದ ಮನುಷ್ಯನಿಲ್ಲ. ಕೊನೆಯ ಪ್ರಯಾಣಕ್ಕೆ ನಾಲ್ಕು ಹೆಗಲು ಬೇಕು. ಹಾಗಾದರೆ ಋಣವೇ ಪಾಪವೆಂದರೆ ಜನ್ಮವೇ ಪಾಪವಾದೀತು.

ಈ ಮಾತನ್ನು ಒಪ್ಪಬೇಕಾದುದೇ. ವೇದವು ಮನುಷ್ಯನು ಹುಟ್ಟುವಾಗಲೇ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಋಣಿಯೆಂದು ತಿಳಿಸುತ್ತದೆ. ಋಣಿಯಾದುದಕ್ಕಾಗಿ ಅವನನ್ನು ನಿಂದಿಸುವುದಿಲ್ಲ. ಪಿತೃಋಣವು ತೀರುವ ರೀತಿಯನ್ನು ನೋಡಿರಿ. ಹಿಂದಿನವರಿಂದ ಪಡೆದುದನ್ನು ಮುಂದಿನವರಿಗೆ ಸಲ್ಲಿಸುವುದರಿಂದ ಅದು ತೀರುತ್ತದೆ. ಕೆರೆಯನ್ನು ಕಟ್ಟಿದವನು ಇಂದಿಲ್ಲ; ಅವನಿಗೆ ನೀರು ಹಿಂದಕ್ಕೆ ಕೊಡುವಂತಿಲ್ಲ; ಮೊಮ್ಮಗನಿಗೆ ಕೊಡಬಹುದು. ಆದುದರಿಂದ ದೋಷವಿರುವುದು ಋಣದಲ್ಲಿ ಅಲ್ಲ. ಲೆಕ್ಕವನ್ನು ನೋಡಲೊಲ್ಲದೆ ಇಳಿಯುವುದರಲ್ಲಿ ದೋಷವಿದೆ. ತೀರಿಸುವವನನ್ನು ಕೇಳದೆಯೇ ಅವನ ಹೆಸರಿನಲ್ಲಿ ಸಾಲ ಮಾಡುವುದರಲ್ಲಿ ದೋಷವಿದೆ. ಆ ತರುಣನು ಹೆಗಲನ್ನು ತಾನಾಗಿ ಕೊಟ್ಟನು; ಅದು ದಾನ. ಮೊಮ್ಮಗನ ನೀರನ್ನು ನಾವು ಕೇಳದೆ ತೆಗೆದುಕೊಂಡೆವು. ಅದಕ್ಕೆ ದಾನವೆಂಬ ಹೆಸರು ಸಲ್ಲದು.

ಹಾಗೆಂದು ಮುತ್ಯಾಲಮಡುವಿಗೆ ಯಾರೂ ಹೋಗಬಾರದೆಂದು ನನ್ನ ಅಭಿಪ್ರಾಯವಲ್ಲ. ಹಿಂದೆ ಕಾಲುನಡಿಗೆಯಲ್ಲಿ ಯಾತ್ರೆ ಹೋಗುವವರು ಬುತ್ತಿಯಲ್ಲಿ ಅರ್ಧವನ್ನು ಹಿಂದಿರುಗುವ ದಾರಿಗೆಂದು ಕಟ್ಟಿಡುತ್ತಿದ್ದರು. ಕಮರಿಗೆ ಇಳಿಯುವವನು ತನ್ನ ಶಕ್ತಿಯಲ್ಲಿಯೂ ಹಾಗೆಯೇ ಎರಡು ಪಾಲು ಮಾಡಿಕೊಂಡು, ಇಳಿಯುವ ಪಾಲು ಮುಗಿದ ಮೆಟ್ಟಿಲಿನಲ್ಲಿ ನಿಲ್ಲಬೇಕು. ಆ ಮೆಟ್ಟಿಲಿನಿಂದಲೂ ಝರಿಯ ಸದ್ದು ಕೇಳಿಸುವುದು.

ನಮ್ಮ ಹಿತ್ತಲಿನಲ್ಲಿ ಒಂದು ಹಳೆಯ ಸೇದುವ ಬಾವಿಯುಂಟು. ಬತ್ತಿ ಬಹಳ ವರ್ಷಗಳಾದವು. ಊರಿಗೆ ಬಂದ ವಾರದಲ್ಲಿ ಅದರ ಹೂಳನ್ನು ತೆಗೆಸಿ, ಮಾಡಿನ ಮಳೆನೀರು ಮರಳಿನಲ್ಲಿ ಸೋಸಿ ಅದರೊಳಕ್ಕೆ ಇಳಿಯುವಂತೆ ಕೊಳವೆ ಹಾಕಿಸಿದೆನು. ಇದರಿಂದ ಅರ್ಕಾವತಿ ಹರಿಯುವಳೆಂಬ ಭ್ರಾಂತಿ ನನಗಿಲ್ಲ. ಇಳಿದುಬಂದ ಮೆಟ್ಟಿಲುಗಳಲ್ಲಿ ಒಂದನ್ನಾದರೂ ನನ್ನ ಕಾಲಿನಿಂದಲೇ ಹತ್ತಿದಂತಾಯಿತು. ಉಳಿದವುಗಳ ಲೆಕ್ಕವನ್ನು ಮೊಮ್ಮಗನಿಗೆ ಮುಚ್ಚಿಡದೆ ಹೇಳಿದ್ದೇನೆ.