ಅಭಿಮಾನವೂ ಪ್ರಮಾಣವೂ

ಈಜಿಪ್ಟಿನ ಆಕ್ಸಿರಿಂಕಸಿನಲ್ಲಿ ದೊರೆತು 1903ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನವೊಂದರಲ್ಲಿ ಭರತಖಂಡದ ಕರಾವಳಿಯ ಅರಸನೂ ಪರಿವಾರವೂ ಆಡುವ ಮಾತು ಕನ್ನಡವೆಂದು ಮರುವರ್ಷ ಹುಲ್ಟ್ಷ್ ಪಂಡಿತರು ಊಹಿಸಿದರು. ಶಾಮಶಾಸ್ತ್ರಿಗಳು ಅದನ್ನು ಸಮರ್ಥಿಸಿದರು. ಬಾರ್ನೆಟ್ ಮಹಾಶಯರು ಒಪ್ಪಲಿಲ್ಲ. ವಿವಾದವು ಇಂದಿಗೂ ತೀರಿಲ್ಲ. ಆದರೂ ನಮ್ಮ ಸಭೆಗಳಲ್ಲಿ ಪೂರ್ವಪಕ್ಷವನ್ನು ಕೇಳದೆಯೇ ಸಿದ್ಧಾಂತವನ್ನು ಸಾರುವರು.

ನಾಡಿನ ಮೇಲಣ ಪ್ರೀತಿಗಾಗಿ ಸಂದೇಹವನ್ನು ಮುಚ್ಚಿಡುವುದು ಧರ್ಮವೇ? ಆ ಪ್ರಹಸನದಲ್ಲಿ ಗ್ರೀಕರು ಅರಸನಿಗೆ ನೀರು ಬೆರೆಸದ ಮದ್ಯವನ್ನು ಕುಡಿಸಿ, ಕಟ್ಟಿಹಾಕಿ, ಸೆರೆಯಲ್ಲಿದ್ದ ಖರಿತಿಯೆಂಬ ತಮ್ಮ ಹೆಣ್ಣನ್ನು ಬಿಡಿಸಿಕೊಂಡು ಹೋಗುವರು. ಪ್ರೇಕ್ಷಕರು ನಕ್ಕುದು ಆ ಅರಸನನ್ನು ಕಂಡೇ! ಪರರ ಪರಿಹಾಸವನ್ನು ಬಿರುದೆಂದು ತೊಡುವ ಆತುರ ನಮಗೇಕೆ? ಕೆಂಪು ಸಮುದ್ರದ ಬೆರೆನಿಕೆ ಬಂದರಿನ ದೇಗುಲದಲ್ಲಿ ಸುಮಾರು 7.5 ಕಿಲೋಗ್ರಾಂ ಕರಿಮೆಣಸು ತುಂಬಿದ ಭಾರತದ ಗುಡಾಣವೊಂದು ಸಿಕ್ಕಿತು. ನಮ್ಮ ನೆರೆಯ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿತು. ಇವು ಯಾವ ಭಾಷೆಯ ಪರವಾಗಿಯೂ ವಾದಿಸವು; ವ್ಯಾಪಾರ ನಡೆಯಿತೆಂಬಷ್ಟನ್ನು ಮಾತ್ರ ನಿಸ್ಸಂದೇಹವಾಗಿ ನುಡಿಯುವುವು.