ಹಿಮಗಿರಿಯ ಛಾಯಾಚಿತ್ರ: ಒಂದು ಧರ್ಮಜಿಜ್ಞಾಸೆ

ಸುಂದರವಾದುದನ್ನು ಕಂಡೊಡನೆ ಅದನ್ನು ತನ್ನದಾಗಿಸಿಕೊಳ್ಳಬೇಕೆಂಬ ಆಸೆ ಮನುಷ್ಯನಿಗೆ ಸಹಜವಾದುದು. ಹೂವನ್ನು ಕಂಡರೆ ಕಿತ್ತು ಮುಡಿಯುತ್ತಾನೆ. ಹೊಳೆಯ ದಡದಲ್ಲಿ ನುಣ್ಣನೆಯ ಕಲ್ಲು ಕಂಡರೆ ಜೇಬಿಗೆ ಹಾಕಿಕೊಳ್ಳುತ್ತಾನೆ. ಪರ್ವತವನ್ನು ಏನು ಮಾಡಬಲ್ಲನು? ಅದರ ಚಿತ್ರವನ್ನು ತೆಗೆದುಕೊಳ್ಳುತ್ತಾನೆ. ನಮ್ಮ ಹೊಸೂರು, ತಳಿ, ಡೆಂಕಣಿಕೋಟೆಗಳ ಕಡೆಯಿಂದಲೂ ಬದರಿ-ಕೇದಾರಗಳಿಗೆ, ಕಾಶ್ಮೀರಕ್ಕೆ ಹೋಗಿಬರುವವರುಂಟು. ಹಿಂದೆ ಕಾಶಿಯಾತ್ರೆ ಮುಗಿಸಿ ಬಂದವರು ಗಂಗೆಯ ಗಿಂಡಿಯನ್ನು ತರುತ್ತಿದ್ದರು. ಗಂಗಾಸಮಾರಾಧನೆಯನ್ನು ಮಾಡಿ ಆ ನೀರನ್ನು ಬಂಧುಬಳಗಕ್ಕೂ ನೆರೆಹೊರೆಯವರಿಗೂ ಹಂಚುತ್ತಿದ್ದರು. ಇಂದಿನ ಯಾತ್ರಿಕರು ಮೊಬೈಲ್ ಫೋನಿನ ತುಂಬ ಹಿಮಶಿಖರಗಳನ್ನು ತುಂಬಿಕೊಂಡು ಬರುತ್ತಾರೆ. ಗಿಂಡಿಯ ನೀರಿಗೆ ಒಂದು ಧರ್ಮವಿತ್ತು. ಹಾಗೆಯೇ ಈ ಚಿತ್ರಗಳಿಗೂ ಒಂದು ಧರ್ಮವುಂಟೇ ಎಂಬುದು ಇಲ್ಲಿಯ ವಿಚಾರ.

ಈ ಪ್ರಶ್ನೆ ಉಪಾಧ್ಯಾಯರಾದ ನಮಗೆ ಹತ್ತಿರದ್ದು. ಏಕೆಂದರೆ ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ಹಿಮವೆಂಬುದು ಚಿತ್ರದಲ್ಲಲ್ಲದೆ ಬೇರೆಲ್ಲಿಯೂ ಕಾಣಸಿಗದು. ಹೊಸೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಗುಲಾಬಿ ಚೆನ್ನಾಗಿ ಬೆಳೆಯುವಷ್ಟು ತಂಪಿನ ನೆಲ. ಆದರೂ ಇಲ್ಲಿಯ ಮಕ್ಕಳಿಗೆ ಮಂಜು ಎಂದರೆ ಪುಷ್ಯಮಾಸದ ಮುಂಜಾವಿನಲ್ಲಿ ರಾಗಿಯ ಹೊಲದ ಮೇಲೆ ಇಳಿದು, ಬಿಸಿಲೇರಿದಂತೆ ಕರಗಿಹೋಗುವ ಬಿಳಿಯ ತೆರೆ ಮಾತ್ರ. ನಮ್ಮ ದಕ್ಷಿಣ ಪಿನಾಕಿನಿಯು ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಮಳೆಯ ನೀರಿನಿಂದಲೇ ಹರಿಯುವ ನದಿ. ಒಂದು ನದಿಯು ಮಂಜುಗಡ್ಡೆಯ ಬಾಯಿಂದ ಹೊರಡುವುದೆಂದರೆ ಹೇಗಿರಬಹುದೆಂಬುದನ್ನು ಇಲ್ಲಿಯ ಮಗು ತನ್ನ ಅನುಭವದಿಂದ ಊಹಿಸಲಾರದು. ಹೀಗಿದ್ದರೂ ನಮ್ಮೂರ ಬೆಟ್ಟದ ಮೇಲೆ ಚಂದ್ರಚೂಡೇಶ್ವರನಿದ್ದಾನೆ. ನಮ್ಮ ಮನೆಗಳಲ್ಲಿ ಗಿರಿಜೆಯರೂ ಪಾರ್ವತಿಯರೂ ಇದ್ದಾರೆ. ಹಿಮವನ್ನು ಕಾಣದ ನಾಡು ಹಿಮವಂತನ ಮಗಳ ಹೆಸರನ್ನು ತನ್ನ ಹೆಣ್ಣುಮಕ್ಕಳಿಗೆ ಇಟ್ಟುಕೊಂಡಿದೆ. ಹೆಸರು ಮೊದಲೇ ಬಂದಿತ್ತು. ರೂಪವನ್ನು ಒದಗಿಸಿದ್ದು ಛಾಯಾಚಿತ್ರ.

ಚಿತ್ರ ತೆಗೆಯುವುದೇ ಸಲ್ಲದು ಎನ್ನುವವರೂ ಇದ್ದಾರೆ. ದರ್ಶನಕ್ಕೆ ಹೋದವನು ಕಣ್ಣಿನಿಂದ ನೋಡಬೇಕು. ಯಂತ್ರವನ್ನು ಮುಖಕ್ಕೆ ಅಡ್ಡ ಹಿಡಿದವನಿಗೆ ದರ್ಶನವೆಲ್ಲಿಯದು ಎಂದು ಅವರು ಕೇಳುತ್ತಾರೆ. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. 2023ರಲ್ಲಿ ಕೇದಾರನಾಥ ದೇವಾಲಯದೊಳಗೆ ಛಾಯಾಚಿತ್ರಗಳನ್ನು ನಿಷೇಧಿಸಲಾಯಿತು. 2024ರ ಮೇ ತಿಂಗಳಲ್ಲಿ ಉತ್ತರಾಖಂಡ ಸರ್ಕಾರವು ನಾಲ್ಕು ಧಾಮಗಳ ದೇಗುಲಗಳಿಂದ 50 ಮೀಟರ್ ದೂರದೊಳಗೆ ವಿಡಿಯೋ ತೆಗೆಯಬಾರದೆಂದು ಆಜ್ಞೆ ಮಾಡಿತು. ಸಾಲಿನಲ್ಲಿ ಹಿಂದೆ ನಿಂತಿರುವ ಮುದುಕರನ್ನು ಮರೆತು ತನ್ನ ಮುಖವನ್ನೇ ನಾಲ್ಕಾರು ಬಾರಿ ಚಿತ್ರಿಸಿಕೊಳ್ಳುವವನನ್ನು ತಡೆಯುವುದು ನ್ಯಾಯವೇ. ಆದರೆ ದೇಗುಲಕ್ಕೆ ಹೊಂದುವ ನಿಯಮವನ್ನು ಪರ್ವತಕ್ಕೂ ಅನ್ವಯಿಸಿದರೆ, ಅಲ್ಲಿಗೆ ಹೋಗಲಾರದ ಕೋಟ್ಯಂತರ ಜನರ ಗತಿಯೇನು? ಬಡವನೂ ರೋಗಿಯೂ ಎಳೆಯರೂ ಹಿಮಾಲಯವನ್ನು ನೋಡಬೇಕಾದರೆ ಯಾರಾದರೂ ತಂದು ತೋರಿಸಲೇಬೇಕು. ತನಗಾಗಿ ನೋಡುವವನು ಕಣ್ಣಿನಿಂದ ನೋಡಿದರೆ ಸಾಕು. ಪರರಿಗಾಗಿ ನೋಡುವವನಿಗೆ ಇನ್ನೊಂದು ಸಾಧನ ಬೇಕಾಗುತ್ತದೆ.

ಹಾಗಾದರೆ ತೋರಿಸುವವನ ಮೇಲೆ ಒಂದು ಹೊಣೆಯೂ ಬೀಳುತ್ತದೆ, ತೋರಿಸಿದ್ದು ನಿಜವಾಗಿರಬೇಕು. ಯಂತ್ರ ಸುಳ್ಳು ಹೇಳದು ಎಂದು ನಾವು ನಂಬುತ್ತೇವೆ. ಆದರೆ ಹಿಮದ ಮುಂದೆ ಅದು ಮೊದಲಿಗೇ ತಪ್ಪುತ್ತದೆ. ಕ್ಯಾಮೆರಾದೊಳಗಿನ ಬೆಳಕಿನ ಮಾಪಕವು ತನ್ನೆದುರಿನ ದೃಶ್ಯವೆಲ್ಲ ಸರಾಸರಿ ಬೂದುಬಣ್ಣದ್ದೆಂದು ಭಾವಿಸಿ ಲೆಕ್ಕ ಹಾಕುವಂತೆ ರಚಿತವಾದುದು. ಎಲ್ಲೆಲ್ಲಿಯೂ ಬಿಳುಪೇ ತುಂಬಿರುವ ಕಡೆ ಅದು ಬೆಳಕು ಹೆಚ್ಚಾಯಿತೆಂದು ಬಗೆದು ಕಡಿಮೆ ಮಾಡುತ್ತದೆ. ಅಚ್ಚಬಿಳಿಯ ಹಿಮವು ಚಿತ್ರದಲ್ಲಿ ಬೂದಿಯಂತೆ ಮಂಕಾಗುತ್ತದೆ. ಬಲ್ಲವನು ಮಾಪಕ ಹೇಳಿದುದಕ್ಕಿಂತ ಹೆಚ್ಚು ಬೆಳಕನ್ನು ಬಿಟ್ಟು ಚಿತ್ರ ತೆಗೆಯುತ್ತಾನೆ. ಬಿಳಿಯನ್ನು ಬಿಳಿಯೆಂದು ತೋರಿಸುವುದಕ್ಕೂ ಮನುಷ್ಯನ ವಿವೇಕ ಬೇಕಾಯಿತು!

ಇದಕ್ಕಿಂತ ದೊಡ್ಡ ಸುಳ್ಳೊಂದಿದೆ. ಅದು ಯಂತ್ರದ್ದಲ್ಲ, ನಮ್ಮದು. ಗಂಗೋತ್ರಿ ಹಿಮನದಿಯು ಸುಮಾರು 30 ಕಿಲೋಮೀಟರ್ ಉದ್ದವಾದುದು. ಅದರ ಕೊನೆಯಾದ ಗೋಮುಖದಲ್ಲಿ, ಸುಮಾರು 4,000 ಮೀಟರ್ ಎತ್ತರದಲ್ಲಿ, ಭಾಗೀರಥಿ ಹೊರಡುತ್ತಾಳೆ. ಅಲ್ಲಿ ಅಚ್ಚಬಿಳಿಯ ಹಿಮವನ್ನು ನಿರೀಕ್ಷಿಸಿ ಹೋದವನಿಗೆ ಕಾಣುವುದು ಕಲ್ಲುಮಣ್ಣು ಮೆತ್ತಿಕೊಂಡ ಕೊಳಕು ಗಡ್ಡೆ. ಹಿಮನದಿ ನಿಂತಿರುವಂತೆ ಕಂಡರೂ ನಿಂತುದಲ್ಲ. ವರ್ಷವರ್ಷವೂ ಬಿದ್ದ ಹಿಮ ತನ್ನ ಭಾರದಿಂದಲೇ ಗಡ್ಡೆಗಟ್ಟಿ, ಮೆಲ್ಲಮೆಲ್ಲನೆ ಇಳಿಜಾರಿನಲ್ಲಿ ಸರಿಯುತ್ತ, ಬೆಟ್ಟದ ಮೈಯನ್ನು ಉಜ್ಜಿ ಕಲ್ಲುಗಳನ್ನು ಹೊತ್ತು ತರುತ್ತದೆ. ಆ ಮಣ್ಣೇ ಅದರ ದುಡಿಮೆಯ ಗುರುತು. ಚಿತ್ರ ತೆಗೆಯುವವನು ಸಾಮಾನ್ಯವಾಗಿ ಅದಕ್ಕೆ ಬೆನ್ನು ತಿರುಗಿಸಿ, ಮೇಲೆ ಹೊಳೆಯುವ 6,543 ಮೀಟರ್ ಎತ್ತರದ ಶಿವಲಿಂಗ ಶಿಖರದ ಕಡೆಗೆ ಕ್ಯಾಮೆರಾವನ್ನು ಎತ್ತುತ್ತಾನೆ. ಶಿಖರದ ಚಿತ್ರ ತೆಗೆದದ್ದು ತಪ್ಪಲ್ಲ. ಆದರೆ ಅದೊಂದನ್ನೇ ತಂದು ಇದೇ ಹಿಮಾಲಯವೆಂದು ತೋರಿಸಿದರೆ, ನೋಡಿದ ಮಗು ಅರ್ಧಸತ್ಯವನ್ನು ಪೂರ್ಣಸತ್ಯವೆಂದು ಕಲಿಯುತ್ತದೆ.

ಸತ್ಯವಾದ ಚಿತ್ರದ ಬೆಲೆ ತೆಗೆದ ದಿನವೇ ತಿಳಿಯಬೇಕೆಂದಿಲ್ಲ. 1921ರಲ್ಲಿ ಎವರೆಸ್ಟಿನ ದಾರಿಯನ್ನು ಹುಡುಕಲು ಹೋದ ತಂಡದಲ್ಲಿ ಭೂಮಾಪಕನಾದ ವೀಲರ್ ಎಂಬಾತನು ನಕ್ಷೆ ಮಾಡುವುದಕ್ಕಾಗಿ ಕ್ಯಾಮೆರಾವನ್ನು ಬಳಸಿದನು. ಎಲ್ಲಿ ನಿಂತು, ಯಾವ ದಿಕ್ಕಿಗೆ ತೆಗೆದುದೆಂಬ ವಿವರವೇ ಅಂತಹ ಚಿತ್ರದ ಜೀವಾಳ. ಆ ತಂಡದವರು ತೆಗೆದ ರೊಂಗ್‌ಬುಕ್ ಹಿಮನದಿಯ ಚಿತ್ರವನ್ನು ಹಿಡಿದುಕೊಂಡು 2007ರಲ್ಲಿ ಡೇವಿಡ್ ಬ್ರಿಷಿಯರ್ಸ್ ಎಂಬ ಪರ್ವತಾರೋಹಿಯು ಅದೇ ಸ್ಥಳದಲ್ಲಿ ನಿಂತು ಮತ್ತೆ ಚಿತ್ರ ತೆಗೆದನು. ಎರಡನ್ನೂ ಜೊತೆಯಲ್ಲಿಟ್ಟು ನೋಡಿದಾಗ ಹಿಮನದಿಯ ಮಟ್ಟ 300 ಅಡಿಗೂ ಹೆಚ್ಚು ಕುಸಿದಿರುವುದು ಕಂಡಿತು. ಗೋಮುಖದ ಕಥೆಯೂ ಇಂತಹುದೇ. ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ಆಡೆನ್ 1935ರಲ್ಲಿ ಅದರ ನಕ್ಷೆಯನ್ನು ಮಾಡಿಟ್ಟದ್ದರಿಂದಲೇ, ಅಲ್ಲಿಂದೀಚೆಗೆ ಹಿಮನದಿಯ ಮುಖ ಒಂದು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆಯೆಂದು ಇಂದು ಹೇಳಲು ಸಾಧ್ಯವಾಗಿದೆ. ತಮ್ಮ ಕೈಯ ಕೆಲಸವನ್ನು ಇವರು ಸ್ಥಳ, ದಿನ, ಅಳತೆಗಳೊಡನೆ ಪ್ರಾಮಾಣಿಕವಾಗಿ ಮಾಡಿದರು. ಆ ಪ್ರಾಮಾಣಿಕತೆ ಮುಂದಿನ ತಲೆಮಾರಿಗೆ ಸಾಕ್ಷಿಯಾಗಿ ಒದಗಿತು. ದಿನವೂ ಸ್ಥಳವೂ ಇಲ್ಲದ ಚಿತ್ರ ಎಷ್ಟೇ ಚೆಲುವಾಗಿದ್ದರೂ ಇಂತಹ ಸಾಕ್ಷ್ಯವನ್ನು ನುಡಿಯಲಾರದು.

ಚಿತ್ರದ ಚೌಕಟ್ಟಿನಲ್ಲಿ ಸೇರದ ಸಂಗತಿಗಳೂ ಉಂಟು. ಸ್ಯಾಮ್ಯುಯೆಲ್ ಬೋರ್ನ್ ಎಂಬ ಆಂಗ್ಲ ಛಾಯಾಗ್ರಾಹಕನು 1866ರಲ್ಲಿಯೇ ಗಂಗೋತ್ರಿ ಹಿಮನದಿಯನ್ನು ಚಿತ್ರಿಸಿದನು. ಅಂದಿನ ಚಿತ್ರಗಳು ಗಾಜಿನ ಹಲಗೆಗಳ ಮೇಲೆ ಮೂಡಬೇಕಾಗಿತ್ತು. ಆ ಗಾಜನ್ನೂ ರಾಸಾಯನಿಕ ದ್ರವಗಳನ್ನೂ ಕತ್ತಲೆಯ ಡೇರೆಯನ್ನೂ ಬೆನ್ನಮೇಲೆ ಹೊತ್ತು ಬೆಟ್ಟ ಹತ್ತಿದವರು ಕೂಲಿಯಾಳುಗಳು. ಚಿತ್ರದ ಕೆಳಗೆ ಬೋರ್ನನ ಹೆಸರಿದೆ, ಹೊತ್ತವರ ಹೆಸರಿಲ್ಲ. ಇಂದಿಗೂ ಕೇದಾರದ ದಾರಿಯಲ್ಲಿ ಬುಟ್ಟಿಯಲ್ಲಿ ಯಾತ್ರಿಕರನ್ನು ಹೊರುವವರಿದ್ದಾರೆ, ದಣಿದ ಹೇಸರಗತ್ತೆಗಳಿವೆ. ಶಿಖರದ ಚಿತ್ರವನ್ನು ತೋರಿಸುವವನು ಅವರ ಮಾತನ್ನೂ ಒಂದಿಷ್ಟು ಆಡಿದರೆ ಚಿತ್ರದ ಅಂದವೇನೂ ಕೆಡುವುದಿಲ್ಲ.

ನಮಗೆ ಇನ್ನೂ ಹತ್ತಿರದ ಸಂಗತಿಯೊಂದನ್ನು ಹೇಳಬೇಕು. 2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯ ಪ್ರದೇಶದಲ್ಲಿ, 19,000 ಅಡಿಗೂ ಮೇಲಿನ ಒಂದು ಕಾವಲು ನೆಲೆಯ ಮೇಲೆ ಹಿಮದ ರಾಶಿ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಯೋಧರು ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ಮೇಲೆ ಜೀವಸಹಿತ ದೊರೆತರು. ನಾಡೆಲ್ಲ ಹಾರೈಸಿದರೂ ಫೆಬ್ರವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಆ ಹತ್ತು ಮಂದಿಯಲ್ಲಿ ಒಬ್ಬರು ನಮ್ಮ ಕೃಷ್ಣಗಿರಿ ಜಿಲ್ಲೆಯವರೇ. ಹಿಮ ಬೀಳದ ಈ ನೆಲದಲ್ಲಿ ಹುಟ್ಟಿದ ಮಗನನ್ನು ಹಿಮ ನುಂಗಿತು. ಸಿಯಾಚಿನ್ನಿನ ಚಿತ್ರಗಳು ಬಲು ಸುಂದರವಾಗಿವೆ. ಆ ಬಿಳುಪನ್ನು ಆ ತಾಯಿ ಯಾವ ಕಣ್ಣಿನಿಂದ ನೋಡಿಯಾಳು? ಚಿತ್ರದಲ್ಲಿ ಚಳಿಯಿಲ್ಲ, ಉಸಿರುಗಟ್ಟುವ ತೆಳುಗಾಳಿಯಿಲ್ಲ, ಭಾರವಿಲ್ಲ. ಇವನ್ನು ಮಾತಿನಿಂದಲೇ ತುಂಬಿಕೊಡಬೇಕಾಗುತ್ತದೆ. ತುಂಬಿಕೊಡದೆ ಹೋದರೆ ಮಕ್ಕಳು ಹಿಮವನ್ನು ಒಂದು ಆಟದ ವಸ್ತುವೆಂದೇ ತಿಳಿದಾರು.

ಹಾಗೆಂದು ಎಲ್ಲರೂ ಭೂಮಾಪಕರಾಗಬೇಕೆಂದೇನೂ ಅಲ್ಲ. ಜೀವಮಾನವೆಲ್ಲ ಕಾಸಿಗೆ ಕಾಸು ಕೂಡಿಟ್ಟು ಬದರಿಗೆ ಹೋದ ಅಜ್ಜಿಯೊಬ್ಬಳು ನೀಲಕಂಠ ಶಿಖರವನ್ನು ಹಿಂದಿಟ್ಟುಕೊಂಡು, ಸೆರಗನ್ನು ಸರಿಪಡಿಸಿಕೊಂಡು ನಿಂತು ಚಿತ್ರ ತೆಗೆಸಿಕೊಂಡರೆ ಅದನ್ನು ಅಹಂಕಾರವೆನ್ನಲಾಗದು. ಅದು ಅವಳ ಧನ್ಯತೆ. ‘ಇಲ್ಲಿಗೆ ನಾನೂ ಬಂದೆ’ ಎಂಬುದಕ್ಕೂ, ‘ನನ್ನಿಂದ ಇದು ಶೋಭಿಸಿತು’ ಎಂಬುದಕ್ಕೂ ಅಂತರವಿದೆ. ಮೊದಲನೆಯದರಲ್ಲಿ ಮನುಷ್ಯನು ಪರ್ವತದ ಮುಂದೆ ಚಿಕ್ಕವನಾಗಿದ್ದಾನೆ. ಎರಡನೆಯದರಲ್ಲಿ ಪರ್ವತವೇ ಅವನ ಹಿಂದಿನ ಪರದೆಯಾಗಿದೆ.

ಇನ್ನೊಂದು ಆಕ್ಷೇಪಕ್ಕೆ ಉತ್ತರ ಹೇಳುವುದು ಕಷ್ಟ. ಹಿಮವನ್ನು ನೋಡಲು ಹೋಗುವ ಜನಜಂಗುಳಿಯೇ ಹಿಮಕ್ಕೆ ಹಾನಿಯಲ್ಲವೇ? ವಾಹನಗಳ, ಒಲೆಗಳ, ಕಾಡ್ಗಿಚ್ಚಿನ ಮಸಿ ಹಿಮದ ಮೇಲೆ ಕುಳಿತಾಗ ಅದು ಬಿಸಿಲನ್ನು ಹೆಚ್ಚು ಹೀರಿ ಬೇಗ ಕರಗುತ್ತದೆಯೆಂದು ವಿಜ್ಞಾನಿಗಳು ತೋರಿಸಿದ್ದಾರೆ. ಗೋಮುಖಕ್ಕೆ ದಿನಕ್ಕೆ 150 ಮಂದಿಗಿಂತ ಹೆಚ್ಚು ಹೋಗಬಾರದೆಂಬ ಮಿತಿಯನ್ನು ಹಾಕಿರುವುದೂ ಇಂತಹ ಕಾರಣದಿಂದಲೇ. ಎಲ್ಲರೂ ಹೋದರೆ ಹಿಮ ಉಳಿಯದು. ಯಾರೂ ಹೋಗದಿದ್ದರೆ ಅದು ಅಳಿಯುತ್ತಿರುವುದು ಯಾರಿಗೂ ತಿಳಿಯದು. ಈ ಇಕ್ಕಟ್ಟಿನಲ್ಲಿ ನನಗೆ ತೋರುವ ದಾರಿ ಒಂದೇ. ಹೋದ ಕೆಲವರು ಹೋಗದ ಹಲವರ ಪ್ರತಿನಿಧಿಗಳೆಂದು ತಿಳಿದು ನಡೆಯಬೇಕು. ಆಗ ಅವರು ತರುವ ಒಂದು ಚಿತ್ರ ನೂರು ಜನರ ಪ್ರಯಾಣವನ್ನು ಉಳಿಸೀತು.

ಆದುದರಿಂದ, ಯಾತ್ರೆಯಿಂದ ಬಂದವರು ಶಾಲೆಗೆ ಚಿತ್ರಗಳನ್ನು ತಂದು ತೋರಿಸಿದಾಗ ‘ಎಷ್ಟು ಚೆಂದ!’ ಎಂಬುದರೊಡನೆ ನಮ್ಮ ಮಕ್ಕಳು ನಾಲ್ಕು ಪ್ರಶ್ನೆಗಳನ್ನು ಕೇಳುವಂತಾಗಲಿ: ಇದು ಯಾವ ಸ್ಥಳ? ಯಾವ ದಿನ ತೆಗೆದದ್ದು? ನಿಮ್ಮನ್ನೂ ನಿಮ್ಮ ಗಂಟನ್ನೂ ಅಲ್ಲಿಗೆ ಮುಟ್ಟಿಸಿದವರು ಯಾರು? ಚಿತ್ರದ ಈಚೆಗೆ, ಕಾಣದ ಕಡೆಯಲ್ಲಿ ಏನಿತ್ತು? ಉತ್ತರಗಳನ್ನು ಚಿತ್ರದ ಹಿಂದೆ ಬರೆದಿಡಲಿ. ಇಂದು ಕೇಳಿದ ಮಗು ಮುಪ್ಪಾದಾಗ ಆ ಶಿಖರದ ಮೇಲೆ ಎಷ್ಟು ಹಿಮ ಉಳಿದಿರುತ್ತದೆಯೋ ಹೇಳಲಾರೆವು. ಅಂದು ಅದನ್ನು ಹೋಲಿಸಿ ನೋಡಲು ಒಂದು ನಿಜವಾದ ಚಿತ್ರವಾದರೂ ಅದರ ಕೈಯಲ್ಲಿರಬೇಕು.